ತಲೆಬುರುಡೆ ತೆರೆಯದೆ ಮೆದುಳಿನ ಅನ್ಯೂರಿಸಂಗೆ ಚಿಕಿತ್ಸೆ

ತಲೆನೋವು ಬಂದರೆ ಪಿತ್ತವೆಂದೋ ಬಿಸಿಲಿನ ಝಳವೆಂದೋ ಹೇಳಿ, ಒಂದು ಮಾತ್ರೆ ನುಂಗಿ ಮಲಗುವುದು ನಮ್ಮಲ್ಲಿ ವಾಡಿಕೆ. ಬಹುಪಾಲು ತಲೆನೋವಿಗೆ ಅಷ್ಟೇ ಸಾಕಾಗಬಹುದು. ಆದರೆ ಸಿಡಿಲು ಬಡಿದಂತೆ ಒಮ್ಮೆಲೇ ಬಂದು, ಕ್ಷಣಗಳಲ್ಲಿ ತಾರಕಕ್ಕೇರುವ ತಲೆನೋವು ಬೇರೆಯೇ. ಅದು ಮೆದುಳಿನ ರಕ್ತನಾಳ ಒಡೆದಿರುವ ಸೂಚನೆ ಆಗಿರಬಹುದು.

ಅನ್ಯೂರಿಸಂ ಎಂದರೇನು?

ಹಳೆಯ ಸೈಕಲ್ ಟ್ಯೂಬು ಸವೆದ ಕಡೆ ಗುಳ್ಳೆಯಂತೆ ಉಬ್ಬುವುದನ್ನು ನೋಡಿದ್ದೇವೆ. ಮೆದುಳಿನ ಅಪಧಮನಿಯ ಗೋಡೆ ದುರ್ಬಲವಾದಾಗಲೂ ಹೀಗೆಯೇ ಉಬ್ಬುತ್ತದೆ. ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವರಲ್ಲಿ ಇಂತಹ ಉಬ್ಬು ಇರುತ್ತದೆ. ಹೆಚ್ಚಿನವು ಎಂದೂ ಒಡೆಯುವುದಿಲ್ಲ. ಧೂಮಪಾನ ಮತ್ತು ಅಧಿಕ ರಕ್ತದೊತ್ತಡ ಅಪಾಯವನ್ನು ಹೆಚ್ಚಿಸುತ್ತವೆ. ಒಮ್ಮೆ ಒಡೆದದ್ದು ಮತ್ತೆ ಒಡೆಯುವ ಸಂಭವ ಮೊದಲ 24 ಗಂಟೆಗಳಲ್ಲೇ ಅತಿ ಹೆಚ್ಚು.

ಚಿಕಿತ್ಸೆ ಹೇಗೆ?

ಹಿಂದೆ ತಲೆಬುರುಡೆ ತೆರೆದು, ಉಬ್ಬಿನ ಬುಡಕ್ಕೆ ಕ್ಲಿಪ್ ಹಾಕುವುದೇ ಮುಖ್ಯ ದಾರಿಯಾಗಿತ್ತು. ಇಟಲಿ ಮೂಲದ ವೈದ್ಯ ಗ್ವಿಡೋ ಗುಲ್ಯೆಲ್ಮಿ ಅವರು ರೂಪಿಸಿದ ಪ್ಲಾಟಿನಂ ಕಾಯಿಲ್ 1990ರಲ್ಲಿ ಬಳಕೆಗೆ ಬಂತು. ತೊಡೆಸಂದಿನ ಅಥವಾ ಮಣಿಕಟ್ಟಿನ ರಕ್ತನಾಳದಿಂದ ತೆಳುವಾದ ಕೊಳವೆಯನ್ನು ಎಕ್ಸ್-ರೇ ನೆರವಿನಿಂದ ಮೆದುಳಿನವರೆಗೆ ಸಾಗಿಸಿ, ಕೂದಲೆಳೆಯಂತಹ ತಂತಿಯನ್ನು ಉಬ್ಬಿನೊಳಗೆ ನೂಲಿನುಂಡೆಯಂತೆ ತುಂಬುತ್ತಾರೆ. ರಕ್ತ ಒಳಗೆ ನುಗ್ಗುವುದು ನಿಲ್ಲುತ್ತದೆ.

ಎರಡೂ ವಿಧಾನಗಳಿಗೆ ಯೋಗ್ಯರಾದ 2,143 ರೋಗಿಗಳ ಅಂತರರಾಷ್ಟ್ರೀಯ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಒಂದು ವರ್ಷದ ನಂತರ ಸಾವು ಅಥವಾ ಪರಾವಲಂಬನೆಗೆ ಒಳಗಾದವರು ಶಸ್ತ್ರಚಿಕಿತ್ಸೆಯಲ್ಲಿ ನೂರಕ್ಕೆ ಸುಮಾರು 31, ಕಾಯಿಲ್ ಚಿಕಿತ್ಸೆಯಲ್ಲಿ ಸುಮಾರು 24. ಹಾಗೆಂದು ಎಲ್ಲರಿಗೂ ಕಾಯಿಲ್ ಹೊಂದುವುದಿಲ್ಲ. ಉಬ್ಬಿನ ಆಕಾರ ಹಾಗೂ ಸ್ಥಳ ನೋಡಿ ಕೆಲವರಿಗೆ ಇಂದಿಗೂ ಕ್ಲಿಪ್ಪೇ ಸೂಕ್ತ. ಕಾಯಿಲ್ ಹಾಕಿಸಿಕೊಂಡವರು ತಪ್ಪದೆ ಮರುತಪಾಸಣೆಗೆ ಹೋಗಬೇಕು.

ನಮ್ಮ ಊರುಗಳಿಂದ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದವರಿಗೆ ಈ ಚಿಕಿತ್ಸೆ ಎಂದರೆ ಬೆಂಗಳೂರೇ. ಹೊಸೂರು ರಸ್ತೆಯ ನಿಮ್ಹಾನ್ಸ್ ತಲುಪಲು ದೇವನಹಳ್ಳಿ, ಹೊಸಕೋಟೆ, ದೊಡ್ಡಬಳ್ಳಾಪುರ ಯಾವ ದಾರಿಯಲ್ಲಿ ಬಂದರೂ ನಗರದ ದಟ್ಟಣೆಯನ್ನು ದಾಟಲೇಬೇಕು. ಆದ್ದರಿಂದ ಮನೆಯಲ್ಲಿ ಕಾಯುತ್ತಾ ಕಳೆದ ಗಂಟೆಗಳು ದುಬಾರಿ. 2022ರಲ್ಲಿ ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಆರಂಭಿಸಿದ ಬ್ರೇನ್ ಹೆಲ್ತ್ ಇನಿಶಿಯೇಟಿವ್‌ನ ಮೊದಲ ಹಂತದಲ್ಲೇ ಚಿಕ್ಕಬಳ್ಳಾಪುರ ಜಿಲ್ಲೆ ಸೇರಿತ್ತು. ತಲೆನೋವು, ಪಾರ್ಶ್ವವಾಯುಗಳನ್ನು ಬೇಗ ಗುರುತಿಸಲು ಸ್ಥಳೀಯ ವೈದ್ಯರಿಗೆ ತರಬೇತಿ ಕೊಡುವುದು ಅದರ ಉದ್ದೇಶ.

ರೋಗಿಗಳ ಮನೆಗಳಿಗೆ ಭೇಟಿ ನೀಡುವ ಕಾರ್ಯಕರ್ತರು ಇವಿಷ್ಟನ್ನು ನೆನಪಿಡಲಿ:

* ಹಠಾತ್ ತೀವ್ರ ತಲೆನೋವಿನ ಜೊತೆ ವಾಂತಿ, ಕತ್ತು ಬಿಗಿತ, ರೆಪ್ಪೆ ಜೋಲುವುದು, ಪ್ರಜ್ಞೆ ತಪ್ಪುವುದು ಅಪಾಯದ ಚಿಹ್ನೆಗಳು. ತಲೆನೋವೊಂದೇ ಇದ್ದರೂ ತಡಮಾಡಬೇಡಿ.
* 108ಕ್ಕೆ ಕರೆ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆಗೆ ಒಯ್ಯಿರಿ. ಮೊದಲ ಆರು ಗಂಟೆಗಳಲ್ಲಿ ತೆಗೆದ ಸ್ಕ್ಯಾನ್ ರಕ್ತಸ್ರಾವವನ್ನು ಬಹುತೇಕ ತಪ್ಪದೆ ತೋರಿಸುತ್ತದೆ.
* ಸ್ವಂತ ನಿರ್ಧಾರದಿಂದ ಆಸ್ಪಿರಿನ್ ಕೊಡಬೇಡಿ. ಅದು ರಕ್ತಸ್ರಾವವನ್ನು ಹೆಚ್ಚಿಸಬಹುದು.
* ಕಾಯಿಲ್‌ಗಳು ದುಬಾರಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ರೇಷನ್ ಕಾರ್ಡು, ಆಧಾರ್ ಜೊತೆಗಿಟ್ಟುಕೊಂಡು, ಯಾವುದಕ್ಕೆಷ್ಟು ಸಿಗುತ್ತದೆಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ.

"ತಲೆ ಕೊಯ್ಯುತ್ತಾರೆ" ಎಂಬ ಹೆದರಿಕೆಯಿಂದ ರೋಗಿಯನ್ನು ಮನೆಯಲ್ಲೇ ಉಳಿಸಿಕೊಳ್ಳುವವರಿದ್ದಾರೆ. ಅಂಥವರಿಗೆ ಈ ವಿಷಯ ತಿಳಿಸಿದರೆ ಒಂದು ಜೀವ ಉಳಿದೀತು.