‘ದಿ’ ಬಿಟ್ಟುಹೋಗುವುದೇಕೆ?

ಪ್ರಶ್ನೆ: ಇಂಗ್ಲಿಷ್ ವರದಿ ಬರೆಯುವಾಗ ಕನ್ನಡಿಗರೂ ಮರಾಠಿಗರೂ ‘ದಿ’ ಬಿಡುವುದೇಕೆ?
– ಓದುಗರೊಬ್ಬರು, ಕುರಕುಂಭ, ಪುಣೆ ಜಿಲ್ಲೆ

ಉತ್ತರ: ಎರಡೂ ಭಾಷೆಗಳಲ್ಲಿ ‘ದಿ’ಗೆ ಸಮನಾದ ಪದವಿಲ್ಲ. ‘ಪಂಪ್ ನಿಂತಿದೆ’ ಎಂದರೆ ಯಾವ ಪಂಪ್ ಎಂಬುದು ಸಂದರ್ಭದಿಂದಲೇ ತಿಳಿಯುತ್ತದೆ. ಕುರಕುಂಭದ ರಾಸಾಯನಿಕ ಕಾರ್ಖಾನೆಗಳಲ್ಲಿ ಶಿಫ್ಟ್ ವರದಿ ಬರೆಯುವವರಿಗೆ ‘ಪಂಪ್ ಈಸ್ ನಾಟ್ ವರ್ಕಿಂಗ್’ ಎಂಬಲ್ಲಿ ಕೊರತೆ ಕಾಣದಿರುವುದು ಸಹಜ.

ಬೇರೆ ಕೆಲವು ತಪ್ಪುಗಳೂ ಹೀಗೆಯೇ ತಾಯ್ನುಡಿಯಿಂದ ಬರುತ್ತವೆ. ‘ಎರಡು ಪುಸ್ತಕ’ ಎಂಬ ಏಕವಚನ ಕನ್ನಡದಲ್ಲಿ ಸಲ್ಲುತ್ತದೆ; ಅದರಿಂದ ‘ಟೂ ಬುಕ್’. ‘ಅದರ ಬಗ್ಗೆ ಚರ್ಚಿಸಿದೆವು’ ಎಂಬ ರೂಢಿಯಿಂದ ‘ಡಿಸ್ಕಸ್ಡ್ ಅಬೌಟ್’.

ಇವನ್ನು ದಡ್ಡತನವೆನ್ನುವುದು ಅನ್ಯಾಯ. ಭಾಷಾವಿಜ್ಞಾನಿ ಪಿಟ್ ಕಾರ್ಡರ್ 1967ರಲ್ಲೇ ಇಂಥ ತಪ್ಪುಗಳನ್ನು ಕಲಿಕೆಯ ಸಾಕ್ಷ್ಯವೆಂದು ವಾದಿಸಿದರು. ಎಲ್ಲವೂ ತಾಯ್ನುಡಿಯಿಂದ ಬಂದವೂ ಅಲ್ಲ: ‘ವೆಂಟ್’ ಬದಲು ‘ಗೋಡ್’ ಎನ್ನುವುದು ಇಂಗ್ಲಿಷ್ ಮನೆಮಾತಿನ ಮಕ್ಕಳಲ್ಲೂ ಸಾಮಾನ್ಯ.