ಹೊರರಾಜ್ಯದ ಚಾಲಕ, ಆತನ ಪರವಾನಿಗೆ ಮತ್ತು ವಾಹನ ಮಾಲೀಕರ ಹೊಣೆ

ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳ ವ್ಯಾಪಾರಸ್ಥರಲ್ಲಿ ಹಾಗೂ ಸಣ್ಣ ಉದ್ದಿಮೆದಾರರಲ್ಲಿ ಸ್ವಂತದ ಒಂದೆರಡು ಸರಕು ವಾಹನಗಳನ್ನು ಇಟ್ಟುಕೊಳ್ಳದವರು ಇಂದು ವಿರಳ. ಕರದಂಟಿನ ಡಬ್ಬಿಗಳನ್ನು ಬೆಳಗಾವಿಗೆ ಮುಟ್ಟಿಸುವ ಪಿಕಪ್, ಬೆಲ್ಲವನ್ನು ಪೇಟೆಗೆ ಒಯ್ಯುವ ಟೆಂಪೊ, ಹಂಗಾಮಿನಲ್ಲಿ ಕಬ್ಬು ಎಳೆಯುವ ಟ್ರ್ಯಾಕ್ಟರ್ ಇವೆಲ್ಲ ವ್ಯವಹಾರದ ಅಂಗಗಳೇ ಆಗಿವೆ. ವಾಹನ ಕೊಳ್ಳಲು ಸಾಲ ಸುಲಭವಾಗಿ ದೊರೆಯುತ್ತದೆ, ದೊರೆಯದಿರುವವನು ಚಾಲಕ. ಊರಿನ ಹುಡುಗರು ಪುಣೆ, ಬೆಂಗಳೂರಿನ ದಾರಿ ಹಿಡಿದಿರುವುದರಿಂದ, ಹತ್ತಿರದ ಗಡಹಿಂಗ್ಲಜ, ಸಾಂಗ್ಲಿ ಕಡೆಯವರನ್ನೂ, ದೂರದ ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನದಿಂದ ಕೆಲಸ ಅರಸಿ ಬಂದವರನ್ನೂ ಮಾಲೀಕರು ನೇಮಿಸಿಕೊಳ್ಳುತ್ತಿದ್ದಾರೆ. ಹೀಗೆ ಹೊಸದಾಗಿ ಬಂದವನ ಕೈಗೆ ಕೀಲಿಕೈ ಕೊಡುವ ಮುನ್ನ ಮಾಲೀಕರು ತಿಳಿದಿರಬೇಕಾದ ಸಂಗತಿಗಳನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ನನ್ನ ಕಚೇರಿಯಲ್ಲಿ ಪದೇ ಪದೇ ಕೇಳಿಬರುವ ಪ್ರಶ್ನೆ ಒಂದೇ: "ಇವನ ಲೈಸೆನ್ಸ್ ಬಿಹಾರದ್ದು, ನಮ್ಮಲ್ಲಿ ನಡೀತದೇನ್ರಿ?" ನಡೆಯುತ್ತದೆ. ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 13ರ ಪ್ರಕಾರ ಭಾರತದ ಯಾವುದೇ ಪರವಾನಿಗೆ ಪ್ರಾಧಿಕಾರವು ನೀಡಿದ ಚಾಲನಾ ಪರವಾನಿಗೆ, ಅಷ್ಟೇ ಏಕೆ, ಕಲಿಯುವವರ ಪರವಾನಿಗೆ ಕೂಡ, ಭಾರತದಾದ್ಯಂತ ಊರ್ಜಿತವಾಗಿರುತ್ತದೆ. ರಾಜ್ಯ ಬದಲಾಯಿಸಿದ ಮಾತ್ರಕ್ಕೆ ಚಾಲಕನು ಹೊಸ ಪರವಾನಿಗೆ ಪಡೆಯಬೇಕಾಗಿಲ್ಲ. ವಾಹನದ ನೋಂದಣಿಗೆ ಅನ್ವಯಿಸುವ ಹನ್ನೆರಡು ತಿಂಗಳ ನಿಯಮವನ್ನು ಕೆಲವರು ಚಾಲಕನಿಗೂ ಅನ್ವಯಿಸಿ ಗೊಂದಲಕ್ಕೊಳಗಾಗುತ್ತಾರೆ. ಅವೆರಡೂ ಬೇರೆ ಬೇರೆ.

ಈ ಅನುಕೂಲ ಎಷ್ಟು ದೊಡ್ಡದೆಂಬುದು ಪರದೇಶಕ್ಕೆ ಮಕ್ಕಳನ್ನು ಕಳುಹಿಸಿದ ನಮ್ಮ ಸದಸ್ಯರಿಗೆ ಗೊತ್ತು. ಅಮೆರಿಕದಲ್ಲಿ ಪರವಾನಿಗೆ ಆಯಾ ರಾಜ್ಯದ್ದು. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದವನು 10 ದಿನಗಳೊಳಗೆ, ನ್ಯೂಯಾರ್ಕ್‌ನಲ್ಲಿ ನೆಲೆಸಿದವನು 30 ದಿನಗಳೊಳಗೆ ಆ ರಾಜ್ಯದ ಪರವಾನಿಗೆಗೆ ಮುಂದಾಗಬೇಕು, ಆತ ಪಕ್ಕದ ರಾಜ್ಯದಿಂದಲೇ ಬಂದಿದ್ದರೂ ಸರಿಯೆ. ಬ್ರಿಟನ್ನಿನಲ್ಲಿ ನಮ್ಮ ಪರವಾನಿಗೆಯ ಮೇಲೆ ಹನ್ನೆರಡು ತಿಂಗಳು ಕಾರು ಓಡಿಸಬಹುದು, ಬಳಿಕ ಅಲ್ಲಿಯ ಪರೀಕ್ಷೆ ಅನಿವಾರ್ಯ. ಜರ್ಮನಿಯಲ್ಲಿ ಈ ಅವಧಿ ಆರು ತಿಂಗಳು ಮಾತ್ರ. ಹೊರಡುವವರು ನಮ್ಮ ಸಾರಿಗೆ ಕಚೇರಿಯಿಂದಲೇ ಒಂದು ವರ್ಷದ ಅಂತರರಾಷ್ಟ್ರೀಯ ಚಾಲನಾ ಅನುಮತಿ ಪಡೆದು ಹೋಗುವುದು ಒಳ್ಳೆಯದು. ಇಷ್ಟು ಪ್ರಾಸಂಗಿಕವಾಗಿ ಹೇಳಿ ಮುಖ್ಯ ವಿಷಯಕ್ಕೆ ಬರುತ್ತೇನೆ.

ಹೊಣೆ ಚಾಲಕನದು ಮಾತ್ರವಲ್ಲ

ಪರವಾನಿಗೆ ಚಾಲಕನ ಸ್ವಂತ ವಿಷಯ, ದಂಡ ಬಿದ್ದರೆ ಅವನಿಗೆ ಬೀಳುತ್ತದೆ ಎಂಬ ಭಾವನೆ ವ್ಯಾಪಕವಾಗಿದೆ. ಇದು ತಪ್ಪು. ಕಾಯ್ದೆಯ ಕಲಂ 5ರ ಮೇರೆಗೆ, ಸೂಕ್ತ ಪರವಾನಿಗೆ ಅಥವಾ ವಯಸ್ಸು ಇಲ್ಲದವನಿಗೆ ವಾಹನ ಓಡಿಸಲು ಮಾಲೀಕನು ಅವಕಾಶ ಕೊಡಕೂಡದು. ಕೊಟ್ಟರೆ, 2019ರ ತಿದ್ದುಪಡಿಯ ನಂತರದ ಕಲಂ 180ರಂತೆ ಮೂರು ತಿಂಗಳವರೆಗೆ ಕಾರಾವಾಸ ಅಥವಾ ರೂ. 5,000 ದಂಡ ಅಥವಾ ಎರಡೂ ಸಾಧ್ಯ. ತಿದ್ದುಪಡಿಗೆ ಮೊದಲು ಈ ದಂಡ ರೂ. 1,000ದವರೆಗೆ ಮಾತ್ರ ಇತ್ತು. ಇಂತಹ ದಂಡವನ್ನು ವಾಹನ ವೆಚ್ಚದ ಖಾತೆಗೆ ಬರೆದು ಆದಾಯದಿಂದ ಕಳೆಯಲು ಕೂಡ ಬರುವುದಿಲ್ಲ. ಕಾನೂನುಭಂಗಕ್ಕೆ ತೆತ್ತ ಹಣವನ್ನು ಆದಾಯ ತೆರಿಗೆ ಕಾನೂನು ವ್ಯವಹಾರದ ಖರ್ಚೆಂದು ಒಪ್ಪುವುದಿಲ್ಲ.

ಆದರೆ ದಂಡ ದೊಡ್ಡ ಮಾತಲ್ಲ. ನಿಜವಾದ ಅಪಾಯವಿರುವುದು ಅಪಘಾತದ ಪರಿಹಾರದಲ್ಲಿ. ಚಾಲಕನಿಗೆ ಊರ್ಜಿತ ಪರವಾನಿಗೆ ಇರಲಿಲ್ಲವೆಂಬುದು ವಿಮಾ ಕಂಪನಿಗೆ ಕಾಯ್ದೆಯೇ ಒದಗಿಸಿರುವ ರಕ್ಷಣೆಗಳಲ್ಲೊಂದು. ಅದು ರುಜುವಾತಾದಲ್ಲಿ, ಕಂಪನಿಯು ನೊಂದವರಿಗೆ ಮೊದಲು ಹಣ ಕೊಟ್ಟು ಅನಂತರ ಮಾಲೀಕನಿಂದ ವಸೂಲು ಮಾಡಿಕೊಳ್ಳುವಂತೆ ನ್ಯಾಯಮಂಡಳಿಗಳು ಆದೇಶಿಸುವುದು ವಾಡಿಕೆ. ಪ್ರೀಮಿಯಂ ತುಂಬಿಯೂ ಹೊರೆ ಹೊರಬೇಕಾದವನು ಮಾಲೀಕನೇ.

ಮೊತ್ತ ಎಷ್ಟಾಗಬಹುದೆಂಬುದನ್ನು ಅಂಕಿಗಳಲ್ಲಿಯೇ ನೋಡೋಣ. ಲೆಕ್ಕ ಹಾಕದ ಹೊರತು ನನ್ನ ವೃತ್ತಿಯವರಿಗೆ ಸಮಾಧಾನವಿಲ್ಲ. ತಿಂಗಳಿಗೆ ರೂ. 15,000 ದುಡಿಯುತ್ತಿದ್ದ, 30 ವರ್ಷ ವಯಸ್ಸಿನ, ಸ್ವಂತ ಉದ್ಯೋಗದ, ಹೆಂಡತಿ, ಇಬ್ಬರು ಮಕ್ಕಳು ಮತ್ತು ತಾಯಿಯನ್ನು ಸಾಕುತ್ತಿದ್ದ ಒಬ್ಬ ದ್ವಿಚಕ್ರ ವಾಹನ ಸವಾರ ನಿಮ್ಮ ಪಿಕಪ್ಪಿಗೆ ಸಿಕ್ಕು ಮೃತನಾದನೆಂದು ಊಹಿಸಿಕೊಳ್ಳಿ. ಸರ್ವೋಚ್ಚ ನ್ಯಾಯಾಲಯವು 2009ರ ಸರಳಾ ವರ್ಮಾ ಮತ್ತು 2017ರ ಪ್ರಣಯ್ ಸೇಠಿ ಪ್ರಕರಣಗಳಲ್ಲಿ ಹಾಕಿಕೊಟ್ಟ ಸೂತ್ರದಂತೆ, ವಾರ್ಷಿಕ ಆದಾಯ ರೂ. 1,80,000. ಭವಿಷ್ಯದ ಗಳಿಕೆಗೆಂದು ಶೇ. 40 ಸೇರಿಸಿದರೆ ರೂ. 2,52,000. ಅವಲಂಬಿತರು ನಾಲ್ವರಿರುವುದರಿಂದ ಮೃತನ ಸ್ವಂತ ಖರ್ಚಿಗೆ ನಾಲ್ಕನೆಯ ಒಂದು ಭಾಗ ಕಳೆದರೆ ರೂ. 1,89,000. ಆ ವಯಸ್ಸಿಗೆ ಗುಣಕ 17. ಒಟ್ಟು ರೂ. 32,13,000. ಇದರ ಮೇಲೆ ಅಂತ್ಯಕ್ರಿಯೆ, ಪತಿವಿಯೋಗ ಮುಂತಾದ ಬಾಬುಗಳು, ಅರ್ಜಿಯ ದಿನದಿಂದ ಬಡ್ಡಿ.

ನಮ್ಮಲ್ಲಿಯ ಬಹುತೇಕ ಸಂಸ್ಥೆಗಳು ಏಕಮಾಲೀಕತ್ವದವು ಇಲ್ಲವೆ ಪಾಲುದಾರಿಕೆಯವು. ಸಂಸ್ಥೆಯ ಬಾಕಿಗೆ ಮಾಲೀಕನ ಮನೆ, ಹೊಲಗಳೂ ಹೊಣೆಯಾಗುತ್ತವೆ. ಮೂವತ್ತೆರಡು ಲಕ್ಷವೆಂದರೆ ಎಷ್ಟೋ ಜನ ಸಣ್ಣ ಉದ್ದಿಮೆದಾರರ ಇಡೀ ಬಂಡವಾಳ.

ಪರವಾನಿಗೆಯನ್ನು ಓದುವ ಬಗೆ

ಪರವಾನಿಗೆ ಇದೆಯೇ ಎಂದು ಕೇಳುವವರು ಎಲ್ಲರೂ. ಅದನ್ನು ಓದುವವರು ಕಡಿಮೆ. ಸರಕು ವಾಹನದ ಅನುಮತಿಯುಳ್ಳ ಪರವಾನಿಗೆಯ ಕಾರ್ಡಿನ ಮೇಲೆ ಎರಡು ಅವಧಿಗಳಿರುತ್ತವೆ. ಖಾಸಗಿ ವಾಹನಗಳಿಗೆ ಒಂದು, ಸಾರಿಗೆ ವಾಹನಗಳಿಗೆ ಇನ್ನೊಂದು. 30 ವರ್ಷದೊಳಗಿನವನಿಗೆ ಖಾಸಗಿ ಪರವಾನಿಗೆಯು ಆತನ 40ನೆಯ ವಯಸ್ಸಿನವರೆಗೂ ನಡೆಯುತ್ತದೆ. ಸಾರಿಗೆ ವಾಹನದ ಅನುಮತಿಗಾದರೋ 2019ರ ತಿದ್ದುಪಡಿಯಂತೆ ಐದೇ ವರ್ಷ, ಅದಕ್ಕೂ ಮೊದಲು ಮೂರೇ ವರ್ಷ ಇತ್ತು. ಮಾಲೀಕರ ಕಣ್ಣು ದೂರದ ದಿನಾಂಕದ ಮೇಲೆ ಬೀಳುತ್ತದೆ, ಸಮೀಪದ್ದು ತಪ್ಪಿಹೋಗುತ್ತದೆ. ನಾನು ಕಂಡ ತಕರಾರುಗಳಲ್ಲಿ ಖೊಟ್ಟಿ ಪರವಾನಿಗೆಗಿಂತ ಹೀಗೆ ಅವಧಿ ಮುಗಿದ ಪ್ರಕರಣಗಳೇ ಹೆಚ್ಚು. ಮೊದಲು ಇದ್ದ ಮೂವತ್ತು ದಿನಗಳ ರಿಯಾಯಿತಿ ಅವಧಿಯನ್ನು ಕೂಡ ಅದೇ ತಿದ್ದುಪಡಿ ತೆಗೆದುಹಾಕಿದೆ. ಅವಧಿ ಮುಗಿದು ಒಂದು ವರ್ಷದೊಳಗೆ ನವೀಕರಿಸಿಕೊಳ್ಳಬಹುದು ನಿಜ, ಆದರೆ ನಡುವಿನ ದಿನಗಳಲ್ಲಿ ಆತ ಪರವಾನಿಗೆ ಇಲ್ಲದವನೇ. ಅವಧಿಗೆ ಒಂದು ವರ್ಷ ಮೊದಲಿನಿಂದಲೇ ನವೀಕರಣಕ್ಕೆ ಅವಕಾಶವಿರುವಾಗ ಈ ಗಂಡಾಂತರ ಏಕೆ?

ಎರಡನೆಯದು ವರ್ಗ. ಲಘು ಮೋಟಾರು ವಾಹನದ ಪರವಾನಿಗೆಯುಳ್ಳವನು ಸರಕಿನ ಪಿಕಪ್ ಓಡಿಸಬಹುದೇ ಎಂಬ ವಿವಾದ ಎಷ್ಟೋ ವರ್ಷ ನಡೆಯಿತು. 2017ರಲ್ಲಿ ಮುಕುಂದ್ ದೇವಾಂಗನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ತ್ರಿಸದಸ್ಯ ಪೀಠ ಓಡಿಸಬಹುದೆಂದಿತು. ವಿಮಾ ಕಂಪನಿಗಳು ಅದನ್ನು ಪ್ರಶ್ನಿಸಿದವು. ಕೊನೆಗೆ 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ಬಜಾಜ್ ಅಲಿಯಾನ್ಜ್ ವಿರುದ್ಧ ರಂಭಾದೇವಿ ಪ್ರಕರಣದಲ್ಲಿ ಆ ನಿಲುವನ್ನೇ ಎತ್ತಿಹಿಡಿಯಿತು. ಒಟ್ಟು ತೂಕ 7,500 ಕಿಲೋಗ್ರಾಂ ಮೀರದ ಸರಕು ವಾಹನವನ್ನು ಲಘು ವಾಹನದ ಪರವಾನಿಗೆಯ ಮೇಲೆ, ಪ್ರತ್ಯೇಕ ಸಾರಿಗೆ ಅನುಮತಿಯಿಲ್ಲದೆ, ಓಡಿಸಬಹುದು. ಟಾಟಾ ಏಸ್, ಬೊಲೆರೊ ಪಿಕಪ್‌ಗಳಂತಹವು ಈ ಮಿತಿಗಿಂತ ಬಹಳ ಕೆಳಗಿವೆ. ನಮ್ಮ ಸದಸ್ಯರಲ್ಲಿ ಹೆಚ್ಚಿನವರಿಗೆ ಇದರಿಂದ ದೊಡ್ಡ ನಿರಾಳ. ತೂಕವನ್ನು ಅಂದಾಜಿನಿಂದ ಹೇಳದೆ ನೋಂದಣಿ ಪತ್ರದಲ್ಲಿ ನೋಡಿಕೊಳ್ಳಬೇಕು. ಆರು ಚಕ್ರದ ಲಾರಿಗೆ ಈ ತೀರ್ಪು ಅನ್ವಯಿಸದು. ಅಪಾಯಕಾರಿ ವಸ್ತುಗಳ ಸಾಗಾಟಕ್ಕಿರುವ ಪ್ರತ್ಯೇಕ ಅರ್ಹತೆಯೂ ಹಾಗೆಯೇ ಉಳಿದಿದೆ.

ಟ್ರ್ಯಾಕ್ಟರಿನ ವಿಷಯ ನಮ್ಮ ಭಾಗಕ್ಕೆ ವಿಶೇಷ. ಸಂಕೇಶ್ವರದ ಹಿರಣ್ಯಕೇಶಿ, ಹುಣಶ್ಯಾಳದ ಸತೀಶ ಶುಗರ್ಸ್ ಮೊದಲಾದ ಕಾರ್ಖಾನೆಗಳು ಕಬ್ಬು ನುರಿಸಲು ಆರಂಭಿಸಿದೊಡನೆ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಹಗಲಿರುಳು ರಸ್ತೆಯ ಮೇಲಿರುತ್ತವೆ. ಖಾಲಿ ತೂಕ 7,500 ಕಿಲೋಗ್ರಾಂ ಮೀರದ ಟ್ರ್ಯಾಕ್ಟರ್ ಲಘು ಮೋಟಾರು ವಾಹನವೇ ಎಂದು ಕಾಯ್ದೆಯ ವ್ಯಾಖ್ಯೆ ಹೇಳುತ್ತದೆ. ಟ್ರೇಲರ್ ಜೋಡಿಸಿದ ಮಾತ್ರಕ್ಕೆ ಟ್ರ್ಯಾಕ್ಟರ್ ಚಾಲಕನ ಪರವಾನಿಗೆ ನಿಷ್ಪ್ರಯೋಜಕವಾಗದೆಂದು ನಮ್ಮ ರಾಜ್ಯದ್ದೇ ಆದ ನಾಗಶೆಟ್ಟಿ ಪ್ರಕರಣದಲ್ಲಿ 2001ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿದೆ. ಹಾಗೆಂದು ಕಾನೂನಿನ ದೃಷ್ಟಿಯಲ್ಲಿ ತಾನೇ ಒಂದು ಮೋಟಾರು ವಾಹನವಾಗಿರುವ ಟ್ರೇಲರನ್ನು ನೋಂದಣಿ, ವಿಮೆ ಇಲ್ಲದೆ ಬಿಡುವುದೂ, ಕೃಷಿಗೆಂದು ವಿಮೆ ಇಳಿಸಿದ ಟ್ರ್ಯಾಕ್ಟರನ್ನು ಬಾಡಿಗೆಗೆ ಇಟ್ಟಿಗೆ, ಮರಳು ಹೊರಲು ಕಳುಹಿಸುವುದೂ ಬೇರೆಯೇ ತೊಂದರೆಗಳು. ಹದಿನೆಂಟು ತುಂಬದ ಹುಡುಗರ ಕೈಗೆ ಟ್ರ್ಯಾಕ್ಟರ್ ಕೊಡುವ ರೂಢಿಯನ್ನಂತೂ ತಕ್ಷಣವೇ ಬಿಡಬೇಕು. ಕಲಂ 199ಎ ಪ್ರಕಾರ ಪಾಲಕ ಅಥವಾ ಮಾಲೀಕನಿಗೆ ಮೂರು ವರ್ಷಗಳವರೆಗೆ ಕಾರಾವಾಸ ಮತ್ತು ರೂ. 25,000 ದಂಡವಿದೆ, ವಾಹನದ ನೋಂದಣಿಯೂ ಹನ್ನೆರಡು ತಿಂಗಳು ರದ್ದಾಗುತ್ತದೆ.

ಪರಿಶೀಲನೆ ಎಷ್ಟಿದ್ದರೆ ಸಾಕು?

ದೂರದ ರಾಜ್ಯದ ಪರವಾನಿಗೆ ಅಸಲಿಯೋ ನಕಲಿಯೋ ಎಂದು ಗೋಕಾಕದಲ್ಲಿ ಕುಳಿತ ವ್ಯಾಪಾರಿ ತಿಳಿಯುವುದು ಹೇಗೆ? ನ್ಯಾಯಾಲಯಗಳು ಈ ಕಷ್ಟವನ್ನು ಅರಿತಿವೆ. 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ, ಪರವಾನಿಗೆಯ ಲೋಪವನ್ನು ತೋರಿಸಿದರಷ್ಟೇ ಸಾಲದು, ಮಾಲೀಕನ ಕಡೆಯಿಂದ ನಿರ್ಲಕ್ಷ್ಯವಾಗಿತ್ತೆಂಬುದನ್ನೂ ವಿಮಾ ಕಂಪನಿ ರುಜುವಾತು ಮಾಡಬೇಕೆಂದು ಹೇಳಲಾಯಿತು. 2013ರ ಪೆಪ್ಸು ಸಾರಿಗೆ ನಿಗಮದ ಪ್ರಕರಣದಲ್ಲಿ ಇದು ಇನ್ನಷ್ಟು ಸ್ಪಷ್ಟವಾಯಿತು: ನೇಮಿಸುವಾಗ ಪರವಾನಿಗೆಯನ್ನು ನೋಡಿ, ವಾಹನ ಓಡಿಸಿ ತೋರಿಸಲು ಹೇಳಿ, ಸಮರ್ಥನೆಂದು ಖಾತ್ರಿಪಡಿಸಿಕೊಂಡ ಮಾಲೀಕನು, ಪರವಾನಿಗೆ ನೀಡಿದ ಕಚೇರಿಯವರೆಗೆ ಹೋಗಿ ವಿಚಾರಿಸಬೇಕಾಗಿಲ್ಲ. ಆದರೆ ಅದು ಖೊಟ್ಟಿಯೆಂದು ತಿಳಿದ ಮೇಲೂ ಸುಮ್ಮನಿದ್ದರೆ ಹೊಣೆ ಆತನದೇ.

ಆ ತೀರ್ಪುಗಳ ಕಾಲಕ್ಕೆ ವಿಚಾರಣೆ ಕಷ್ಟವಿತ್ತು. ಇಂದು ಸಾರಿಗೆ ಇಲಾಖೆಯ ಪರಿವಾಹನ್ ಜಾಲತಾಣದಲ್ಲಿ ಪರವಾನಿಗೆ ಸಂಖ್ಯೆ ಮತ್ತು ಜನ್ಮದಿನಾಂಕ ನಮೂದಿಸಿದರೆ ವರ್ಗ, ಅವಧಿ, ನೀಡಿದ ಕಚೇರಿ ಎಲ್ಲವೂ ಎರಡು ನಿಮಿಷದಲ್ಲಿ ಕಾಣುತ್ತವೆ. ಆ ಪುಟವನ್ನು ಮುದ್ರಿಸಿ, ದಿನಾಂಕ ಹಾಕಿ, ಚಾಲಕನ ಸಹಿ ಪಡೆದು ಇಟ್ಟುಕೊಳ್ಳಬೇಕು. ಓಡಿಸಿ ತೋರಿಸಿದ ದಿನವನ್ನೂ ಅದರಲ್ಲಿಯೇ ಬರೆಯಬೇಕು. ವಿಮೆಯ ನವೀಕರಣ ದಿನಾಂಕದ ಪಕ್ಕದಲ್ಲಿ ಚಾಲಕನ ಪರವಾನಿಗೆಯ ದಿನಾಂಕವನ್ನೂ ಗುಮಾಸ್ತರ ಡೈರಿಯಲ್ಲಿ ಬರೆಸಿಟ್ಟರೆ ಮರೆವು ತಪ್ಪುತ್ತದೆ. ಸಂಬಳವನ್ನು ಹಾಜರಿ ಪುಸ್ತಕದ ಮೂಲಕವೇ ಕೊಡಬೇಕು, ಪಾಲಿಸಿಯಲ್ಲಿ ಸಂಬಳದ ಚಾಲಕನ ಹೊಣೆಗೆಂದು ಸೇರಿಸುವ ಅಲ್ಪ ಪ್ರೀಮಿಯಂ ಉಳಿಸಲು ಹೋಗಬಾರದು.

ಹೊಸದಾಗಿ ಪಡೆಯುವವರಿಗೆ

ಹಮಾಲಿ ಅಥವಾ ಕ್ಲೀನರ್ ಆಗಿ ಬಂದವನು ಇಲ್ಲಿಯೇ ಚಾಲನೆ ಕಲಿತು ಪರವಾನಿಗೆ ಪಡೆಯಬಯಸಿದರೆ ಅದಕ್ಕೂ ದಾರಿಯಿದೆ. ಆತ ವಾಸವಿರುವ, ವ್ಯವಹರಿಸುವ ಅಥವಾ ಚಾಲನೆ ಕಲಿಯುವ ಶಾಲೆಯಿರುವ ರಾಜ್ಯದಲ್ಲಿ ಅರ್ಜಿ ಹಾಕಲು ಕಾಯ್ದೆ ಅವಕಾಶ ಕೊಟ್ಟಿದೆ. ಹುಟ್ಟಿದ ಊರಿಗೇ ಹೋಗಬೇಕಾಗಿಲ್ಲ. ಗೋಕಾಕದಲ್ಲಿಯೇ ಸಾರಿಗೆ ಕಚೇರಿ ಇದೆ, ಕೆಎ 49 ಅದರ ಸಂಕೇತ. ಆಧಾರ್ ಮೂಲಕ ಕಲಿಯುವವರ ಪರವಾನಿಗೆಯನ್ನು ಕಚೇರಿಗೆ ಹೋಗದೆಯೇ ಪಡೆಯುವ ವ್ಯವಸ್ಥೆ 2021ರಲ್ಲಿ ಬಂದಿತು. ಆಧಾರಿನಲ್ಲಿ ಹಳೆಯ ಊರಿನ ವಿಳಾಸವಿದ್ದರೆ ಅರ್ಜಿ ಅಲ್ಲಿಯೇ ತೊಡಕಿಗೆ ಸಿಲುಕುವುದರಿಂದ ವಿಳಾಸವನ್ನು ಮೊದಲು ಬದಲಾಯಿಸಿಕೊಳ್ಳಬೇಕು, ಇದಕ್ಕೆ ವಾಸಸ್ಥಳದ ದಾಖಲೆ ಒದಗಿಸಿಕೊಡುವುದು ಮಾಲೀಕರ ಕೈಯಲ್ಲಿದೆ. ಕಲಿಯುವವರ ಪರವಾನಿಗೆ ಆರು ತಿಂಗಳು ನಡೆಯುತ್ತದೆ. ಮೂವತ್ತು ದಿನ ಕಳೆದ ಮೇಲೆ ಚಾಲನಾ ಪರೀಕ್ಷೆ. ಸಾರಿಗೆ ವಾಹನದ ಅನುಮತಿಗೆ ಲಘು ವಾಹನದ ಪರವಾನಿಗೆ ಕನಿಷ್ಠ ಒಂದು ವರ್ಷದ್ದಾಗಿರಬೇಕು, ವಯಸ್ಸು 20 ತುಂಬಿರಬೇಕು, ವೈದ್ಯಕೀಯ ಪ್ರಮಾಣಪತ್ರವೂ ಬೇಕು. ಎಂಟನೆಯ ತರಗತಿ ಪಾಸಾಗಿರಬೇಕೆಂಬ ಹಳೆಯ ನಿಯಮವನ್ನು ಕೇಂದ್ರ ಸರ್ಕಾರ 2019ರಲ್ಲಿ ತೆಗೆದುಹಾಕಿತು. ಓದು ಬಾರದ, ಆದರೆ ಕೈ ಪಳಗಿದ ಎಷ್ಟೋ ಕ್ಲೀನರುಗಳಿಗೆ ಇದರಿಂದ ಬಾಗಿಲು ತೆರೆದಿದೆ. ಸರ್ಕಾರಿ ಶುಲ್ಕಗಳು ನೂರರ ಲೆಕ್ಕದಲ್ಲಿವೆ. ಸಾವಿರಗಳ ಮಾತು ಬಂದರೆ ಅದು ದಲ್ಲಾಳಿಯದು.

ಕೊನೆಯದಾಗಿ, ಹಳೆಯ ಕೈಬರಹದ ಪುಸ್ತಕ ರೂಪದ ಪರವಾನಿಗೆ ಹೊಂದಿರುವ ಹಿರಿಯ ಚಾಲಕರ ವಿಷಯ. ನವೀಕರಣವನ್ನು ಬೇರೆ ಕಚೇರಿಯಲ್ಲಿಯೂ ಮಾಡಿಸಿಕೊಳ್ಳಬಹುದಾದರೂ, ಅವರ ವಿವರ ಸಾರಥಿ ಗಣಕ ವ್ಯವಸ್ಥೆಯಲ್ಲಿ ಸೇರಿರದಿದ್ದರೆ ಇಲ್ಲಿ ಕೆಲಸ ಮುಂದುವರಿಯದು. ಅದನ್ನು ಸೇರಿಸಬೇಕಾದುದು ಮೂಲತಃ ಪರವಾನಿಗೆ ನೀಡಿದ ಕಚೇರಿ. ಅಂಥವರು ಛಠ್ ಹಬ್ಬಕ್ಕೋ ಹೋಳಿಗೋ ಊರಿಗೆ ಹೊರಟಾಗ ಎರಡು ದಿನ ಹೆಚ್ಚಿಗೆ ರಜೆ ಕೊಟ್ಟು, ಆ ಕೆಲಸ ಮುಗಿಸಿಕೊಂಡೇ ಬರುವಂತೆ ಹೇಳಿ ಕಳುಹಿಸುವುದು ಸೂಕ್ತ. ಮರಳಿ ಬಂದ ದಿನ ಜಾಲತಾಣದ ಪುಟವನ್ನು ಮತ್ತೊಮ್ಮೆ ತೆಗೆಸಿ ನೋಡಿ, ಆಮೇಲೆ ವಾಹನ ಹೊರಡಿಸಬೇಕು.