ಅಜ್ಜಿಯ ಕೌದಿ ಡಿಸೈನ್‌ಗೆ ಯಾರಾದರೂ ಕಾಪಿರೈಟ್ ಪಡೆಯಬಹುದೇ?

ಹಳೆ ಸೀರೆಯ ತುಂಡುಗಳನ್ನು ಚೌಕ, ತ್ರಿಕೋನವಾಗಿ ಜೋಡಿಸಿ ಅರಕಲಗೂಡಿನಲ್ಲೋ ಹೊಳೆನರಸೀಪುರದಲ್ಲೋ ಒಬ್ಬರು ಕೌದಿ ಹೊಲಿದು ಮಾರುತ್ತಾರೆ ಎನ್ನಿ. 'ಈ ಡಿಸೈನ್ ನಮ್ಮದು, ಹೊಲಿಯಬೇಡಿ' ಎಂದು ಹಾಸನದ ಅಂಗಡಿಯೊಂದು ತಡೆಯಬಹುದೇ?

ಇಲ್ಲ. 1957ರ ಕಾಪಿರೈಟ್ ಕಾಯ್ದೆಯಂತೆ ಹಕ್ಕು ಇರುವುದು ಕಲಾವಿದರ ಜೀವಿತಾವಧಿ ಮತ್ತು ನಂತರದ 60 ವರ್ಷ ಮಾತ್ರ. ತಲೆಮಾರುಗಳಿಂದ ಬಂದ ವಿನ್ಯಾಸ ಎಲ್ಲರ ಸ್ವತ್ತು. 2000ದ ವಿನ್ಯಾಸ ಕಾಯ್ದೆಯಡಿ ನೋಂದಣಿಗೂ ಹೊಸತನ ಬೇಕು. ಸಿಕ್ಕರೂ ರಕ್ಷಣೆ ಗರಿಷ್ಠ 15 ವರ್ಷ.

ಹಾಗೆಂದು ಎಲ್ಲವನ್ನೂ ನಕಲು ಮಾಡುವಂತಿಲ್ಲ. ಚನ್ನರಾಯಪಟ್ಟಣದ ಕಲಾವಿದೆ ತಾವೇ ಬಿಡಿಸಿದ ಹೊಸ ಚಿತ್ರ, ತೆಗೆದ ಫೋಟೊ, ಬರೆದ ಹೊಲಿಗೆ ಪುಸ್ತಕ ಅವರದೇ. ಆದರೆ ಎಚ್ಚರ: ನೋಂದಾಯಿಸಬಹುದಾದ ವಿನ್ಯಾಸವನ್ನು ನೋಂದಾಯಿಸದೆ, ಹಕ್ಕುದಾರರೇ ಅಥವಾ ಅವರ ಅನುಮತಿ ಪಡೆದವರು ಯಂತ್ರದಲ್ಲಿ 50ಕ್ಕಿಂತ ಹೆಚ್ಚು ಪ್ರತಿ ತಯಾರಿಸಿದರೆ, ಅದರ ಕಾಪಿರೈಟ್ ಮುಗಿಯುತ್ತದೆ.

ಕಸೂತಿ, ಸಂಡೂರು ಲಂಬಾಣಿ ಕಸೂತಿಗಳಿಗೆ ಜಿಐ ಟ್ಯಾಗ್ ಇದೆಯಲ್ಲ? ಅದು ಕಾಪಾಡುವುದು ಹೆಸರನ್ನು. ಹೊಲಿಗೆಯನ್ನು ಕಲಿಯಲು ಅಡ್ಡಿಯಿಲ್ಲ.

ಹಾಗಾಗಿ ಅಜ್ಜಿ ಕಲಿಸಿದ ಕೌದಿಯನ್ನು ಧೈರ್ಯವಾಗಿ ಹೊಲಿಯಿರಿ, ಮಾರಿರಿ. ನಿಮ್ಮದೇ ಹೊಸ ವಿನ್ಯಾಸವಿದ್ದರೆ ಮಾತ್ರ, ಮಾರಾಟಕ್ಕೆ ಮೊದಲೇ ನೋಂದಾಯಿಸಿಕೊಳ್ಳಿ.